ಉಯ್ಯಾಲೆ ಯಾರದ್ದು? ಚಿಕ್ಕ ಮಕ್ಕಳಿಗೆ 'ಎಲ್ಲರದ್ದು' ಕಲಿಸುವ ದಾರಿ

ನನ್ನ ಮಗಳಿಗೆ ಆಗ ಮೂರು ವರ್ಷ. ಪಾರ್ಕಿನಲ್ಲಿ ಉಯ್ಯಾಲೆ ಹತ್ತಿ ಕೂತವಳು ಇಳಿಯುವುದೇ ಇಲ್ಲ ಅಂತ ಹಟ ಹಿಡಿದಳು. ಪಕ್ಕದಲ್ಲಿ ಇನ್ನೊಂದು ಮಗು ಕಾಯುತ್ತಾ ನಿಂತಿತ್ತು. "ಇದು ನಂದು" ಅಂದಳು. "ನಿಂದಲ್ಲ ಕಂದಾ" ಅಂದೆ. "ಮತ್ತೆ ಯಾರದ್ದು?" "ಎಲ್ಲರದ್ದು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಎಲ್ಲರದ್ದು ಅಂದ್ರೆ ನಂದೂ ಅಲ್ವಾ?"

ಅವಳ ಮಾತು ಸರಿಯೇ ಇತ್ತು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದರೆ ಆಮೇಲೆ ವರ್ಷಗಟ್ಟಲೆ ಮಕ್ಕಳ ಜೊತೆ ಏನೇ ಮಾಡಿದರೂ ನಾನು ಆ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದೆ ಅಂತ ಈಗ ಅನ್ನಿಸುತ್ತದೆ. ಎರಡು ವರ್ಷದ ಹೊತ್ತಿಗೆ ಮಗುವಿನ ಬಾಯಲ್ಲಿ 'ನಂದು' ಬಂದುಬಿಡುತ್ತದೆ. ಸ್ವಲ್ಪ ತಡವಾಗಿ 'ನಿಂದು' ಕೂಡ ಅರ್ಥವಾಗುತ್ತದೆ. 'ಎಲ್ಲರದ್ದು' ಮಾತ್ರ ತಾನಾಗಿ ಬರುವುದಿಲ್ಲ. ದೊಡ್ಡವರಾದ ಮೇಲೂ ಎಷ್ಟೋ ಜನಕ್ಕೆ ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಅಂತಲೇ ಇರುತ್ತದೆ. ಅದಕ್ಕೇ ಬಸ್ಸಿನ ಸೀಟು ಹರಿಯುತ್ತದೆ, ಮೆಟ್ಟಿಲ ಮೂಲೆಯಲ್ಲಿ ಕಸ ಸೇರುತ್ತದೆ.

ಒಳ್ಳೆಯ ನಾಗರಿಕರನ್ನು ಬೆಳೆಸುವುದು ಅಂದಾಗ ನಮಗೆ ಧ್ವಜ, ರಾಷ್ಟ್ರಗೀತೆ, ಹಕ್ಕು ಮತ್ತು ಕರ್ತವ್ಯದ ಪಟ್ಟಿ ನೆನಪಾಗುತ್ತದೆ. ಅವು ಬೇಡ ಅಂತ ನಾನು ಹೇಳುತ್ತಿಲ್ಲ. ಮೂರರಿಂದ ಎಂಟು ವರ್ಷದ ಮಗುವಿಗೆ ಅದಕ್ಕಿಂತ ಮೊದಲು ಬೇಕಾದ್ದು ಬೇರೆ ಇದೆ. ಎಲ್ಲರದ್ದಾದ ಒಂದು ವಸ್ತುವಿನಲ್ಲಿ ತನಗೂ ಪಾಲಿದೆ, ಪಾಲಿದೆ ಅಂದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸವೂ ತನ್ನದೇ ಅನ್ನುವುದು ಅದರ ಕೈಗೆ, ಕಾಲಿಗೆ ಗೊತ್ತಾಗಬೇಕು. ನಾನು ಮಾಡಿ ನೋಡಿದ ಕ್ರಮದಲ್ಲೇ ಬರೆಯುತ್ತೇನೆ.

ಹೆಜ್ಜೆ 1: 'ಇದು ಯಾರದ್ದು?' ಆಟ

ಮಗುವಿನ ಕೈ ಹಿಡಿದು ಮನೆಯಿಂದ ಹೊರಗೆ ಅರ್ಧ ಗಂಟೆ ನಡೆಯಿರಿ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲಾ ತೋರಿಸಿ ಒಂದೇ ಪ್ರಶ್ನೆ ಕೇಳಿ. ಆ ಸೈಕಲ್ ಯಾರದ್ದು? ಆ ಬೆಂಚು? ಬೀದಿ ದೀಪ? ಫುಟ್‌ಪಾತು? ಮೊದಲೆರಡು ದಿನ ಉತ್ತರ ಅಡ್ಡಾದಿಡ್ಡಿ ಇರುತ್ತದೆ. ನನ್ನ ಮಗಳು ಬೀದಿ ದೀಪ ಚಂದ್ರನದ್ದು ಅಂದಿದ್ದಳು. ತಿದ್ದುವ ಅವಸರ ಬೇಡ. ಎರಡನೇ ಪ್ರಶ್ನೆ ಕೇಳಿ: ಇದು ಹಾಳಾದರೆ ಯಾರು ಸರಿ ಮಾಡುತ್ತಾರೆ? ಅದಕ್ಕೆ ದುಡ್ಡು ಯಾರು ಕೊಡುತ್ತಾರೆ?

ಇಲ್ಲಿ ತೆರಿಗೆಯ ವಿಷಯ ಹೇಳಲು ಹೆದರಬೇಡಿ. ಐದು ವರ್ಷದ ಮಗುವಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. "ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಒಂದು ದೊಡ್ಡ ಡಬ್ಬಿಗೆ ಹಾಕುತ್ತಾರೆ, ಅದರಿಂದ ದೀಪ ಹಾಕುತ್ತಾರೆ, ರಸ್ತೆ ಮಾಡುತ್ತಾರೆ" ಅಂದರೆ ಸಾಕು. ಹೆಚ್ಚಿನ ದೇಶಗಳಲ್ಲಿ ಒಂದು ಆಟಿಕೆ ಕೊಂಡರೂ ಅದರ ಬೆಲೆಯಲ್ಲಿ ತೆರಿಗೆಯ ಪಾಲು ಸೇರಿರುತ್ತದೆ. ಆ ಬಿಲ್ಲನ್ನು ಮಗುವಿಗೆ ತೋರಿಸಿ. ಆ ಬೀದಿ ದೀಪದಲ್ಲಿ ತನ್ನ ಗೊಂಬೆಯ ದುಡ್ಡೂ ಸ್ವಲ್ಪ ಇದೆ ಅಂತ ಗೊತ್ತಾದ ಮಗು ಅದನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಹೆಜ್ಜೆ 2: ನಿಜವಾದ ಕೆಲಸ ಕೊಡಿ, ಸಂಬಳ ಕೊಡಬೇಡಿ

ಮಗುವಿಗೆ ಸಹಾಯ ಮಾಡುವುದನ್ನು ಕಲಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಪಾಲು ಆ ಗುಣ ಮೊದಲೇ ಮಗುವಿನಲ್ಲಿರುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಅನ್ನುವ ಸಂಶೋಧಕರು 2006ರಲ್ಲಿ 18 ತಿಂಗಳಿನ 24 ಮಕ್ಕಳ ಮುಂದೆ ಒಂದು ಪ್ರಯೋಗ ಮಾಡಿದರು. ಪರಿಚಯವಿಲ್ಲದ ಒಬ್ಬ ದೊಡ್ಡವರು ಕೈಯಿಂದ ಪೆನ್ನು ಬೀಳಿಸುತ್ತಾರೆ, ಅಥವಾ ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಬೀರುವಿನ ಬಾಗಿಲು ತೆಗೆಯಲಾಗದೆ ನಿಲ್ಲುತ್ತಾರೆ. ಯಾರೂ ಹೇಳದಿದ್ದರೂ, ಬಹುಮಾನ ಇಲ್ಲದಿದ್ದರೂ, 22 ಮಕ್ಕಳು ಒಮ್ಮೆಯಾದರೂ ಎದ್ದು ಬಂದು ಸಹಾಯ ಮಾಡಿದರು. ಅದೇ ಇಬ್ಬರು 2008ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಸಹಾಯ ಮಾಡಿದ್ದಕ್ಕೆ ಆಟಿಕೆ ಪಡೆದ ಪುಟ್ಟ ಮಕ್ಕಳು ಆಮೇಲೆ ಸಹಾಯ ಮಾಡುವುದು ಕಡಿಮೆಯಾಯಿತು. ಬರೀ ಹೊಗಳಿಕೆ ಸಿಕ್ಕವರು, ಏನೂ ಸಿಗದವರು ಮೊದಲಿನಂತೆಯೇ ಇದ್ದರು.

ಹಾಗಾಗಿ ಕಸ ಎತ್ತಿದರೆ ಸ್ಟಿಕ್ಕರ್, ತಟ್ಟೆ ಇಟ್ಟರೆ ಚಾಕೊಲೇಟ್ ಅನ್ನುವ ಲೆಕ್ಕ ಶುರು ಮಾಡಿದ್ದರೆ ನಿಧಾನವಾಗಿ ನಿಲ್ಲಿಸಿ. "ನೀನು ಚಪ್ಪಲಿ ಸಾಲಾಗಿ ಇಟ್ಟೆ, ಯಾರೂ ಎಡವಲಿಲ್ಲ" ಅಂತ ಆದದ್ದನ್ನು ಹೇಳಿದರೆ ಸಾಕು.

ಕೆಲಸ ಆರಿಸುವಾಗ ಒಂದು ಎಚ್ಚರ. ಮಗು ತನ್ನ ಆಟಿಕೆ ತಾನೇ ಎತ್ತಿಡುವುದು ಒಳ್ಳೆಯದೇ, ಆದರೆ ಅದು 'ನಂದು'ವಿನ ಕೆಲಸ. 'ಎಲ್ಲರದ್ದು'ವಿನ ಒಂದು ಕೆಲಸ ಬೇರೆ ಕೊಡಿ. ಮೂರು ವರ್ಷದವರು ಎಲ್ಲರ ಚಪ್ಪಲಿ ಜೋಡಿಸಬಹುದು, ಊಟದ ಜಾಗ ಒರೆಸಬಹುದು. ಐದರವರು ಗಿಡಗಳಿಗೆ ನೀರು ಹಾಕಬಹುದು, ಎಲ್ಲರ ಬಟ್ಟೆ ಮಡಿಸಿ ಅವರವರ ಜಾಗಕ್ಕೆ ತಲುಪಿಸಬಹುದು. ಏಳೆಂಟರವರಿಗೆ ಮನೆಯ ಕಸ ಬೇರೆ ಮಾಡುವ ಪೂರ್ತಿ ಜವಾಬ್ದಾರಿ ಕೊಡಬಹುದು. ಪೂರ್ತಿ ಅಂದರೆ ಪೂರ್ತಿ: ಒಂದು ದಿನ ಅವರು ಮರೆತರೆ ಬುಟ್ಟಿ ತುಂಬಿಯೇ ಇರಲಿ, ಎಲ್ಲರಿಗೂ ತೊಂದರೆ ಆಗಲಿ, ಆಗ ಆ ಕೆಲಸ ಯಾಕೆ ಬೇಕು ಅಂತ ನೀವು ಭಾಷಣ ಮಾಡುವ ಅಗತ್ಯ ಬೀಳುವುದಿಲ್ಲ.

ಮಗು ಮಡಿಸಿದ ಬಟ್ಟೆಯನ್ನು ಅದರ ಮುಂದೆಯೇ ಬಿಚ್ಚಿ ಮತ್ತೆ ಮಡಿಸಬೇಡಿ. ದಯವಿಟ್ಟು. ನಿನ್ನ ಕೆಲಸ ಲೆಕ್ಕಕ್ಕಿಲ್ಲ ಅಂತ ಹೇಳಲು ಅದಕ್ಕಿಂತ ಖಚಿತವಾದ ದಾರಿ ಇಲ್ಲ.

ಹೆಜ್ಜೆ 3: ಸರದಿ

ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆದರು. ಅವರ ಪದ್ಧತಿಯ ತರಗತಿಗಳಲ್ಲಿ ಪ್ರತಿಯೊಂದು ಸಾಮಗ್ರಿಯೂ ಒಂದೊಂದೇ ಇರುತ್ತದೆ. ಬೇಕಾದ್ದು ಬೇರೆಯವರ ಕೈಯಲ್ಲಿದ್ದರೆ ಕಾಯಲೇಬೇಕು. ಮನೆಯಲ್ಲಿ ನಾವು ಇದಕ್ಕೆ ಉಲ್ಟಾ ಮಾಡುತ್ತೇವೆ. ಜಗಳ ಬೇಡ ಅಂತ ಎರಡು ಮಕ್ಕಳಿಗೆ ಎರಡು ಚೆಂಡು ತರುತ್ತೇವೆ. ಕೆಲವು ವಸ್ತುಗಳಾದರೂ ಒಂದೇ ಇರಲಿ.

ಆಡುತ್ತಿರುವ ಮಗುವಿನ ಕೈಯಿಂದ ಕಿತ್ತು "ಹಂಚಿಕೋಬೇಕು" ಅಂತ ಇನ್ನೊಂದಕ್ಕೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅದರಿಂದ ಮಗು ಕಲಿಯುವುದು ದೊಡ್ಡವರು ಕಿತ್ತುಕೊಳ್ಳಬಹುದು ಅನ್ನುವುದನ್ನು. ಅದರ ಬದಲು ಸರದಿ ಮಾಡಿ. "ಇನ್ನು ಹತ್ತು ಸಲ ತೂಗಿ, ಆಮೇಲೆ ಅವನಿಗೆ" ಅಂತ ಹೇಳಿ, ಜೋರಾಗಿ ಎಣಿಸಿ. ಕಾಯುವ ಮಗುವನ್ನೂ ಎಣಿಸಲು ಹೇಳಿ, ಕಾಯುವುದು ಹಗುರವಾಗುತ್ತದೆ.

ಮೂರು ವರ್ಷದ ಮಗುವನ್ನು ಸ್ವಾರ್ಥಿ ಅನ್ನಬೇಡಿ. 2008ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, 3-4 ವರ್ಷದವರಲ್ಲಿ ತಮ್ಮ ಸಿಹಿಯ ಪಾಲು ಬಿಟ್ಟುಕೊಟ್ಟವರು ತೀರಾ ಕಡಿಮೆ. 7-8 ವರ್ಷದವರಲ್ಲಿ ಅರ್ಧದ ಹತ್ತಿರ ಮಕ್ಕಳು ಬಿಟ್ಟುಕೊಟ್ಟರು. ನ್ಯಾಯದ ಲೆಕ್ಕ ಬೆಳೆಯಲು ವರ್ಷಗಳು ಬೇಕು.

ಹೆಜ್ಜೆ 4: ವಾರಕ್ಕೊಮ್ಮೆ ಮನೆಯ ಸಭೆ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದು. ನಾಲ್ಕು ವರ್ಷದಿಂದಲೇ ಶುರು ಮಾಡಬಹುದು.

ಯಾಕೆ ಅಂತ ಮೊದಲು ಹೇಳುತ್ತೇನೆ. ಜೀನ್ ಪಿಯಾಜೆ ಅನ್ನುವ ಸ್ವಿಸ್ ಮನಃಶಾಸ್ತ್ರಜ್ಞರು ಮಕ್ಕಳು ಗೋಲಿ ಆಡುವುದನ್ನು ನೋಡುತ್ತಾ ಕೂತು, ಆಟದ ನಿಯಮ ಎಲ್ಲಿಂದ ಬಂತು, ಬದಲಾಯಿಸಬಹುದಾ ಅಂತ ಕೇಳುತ್ತಿದ್ದರು. ಅವರು ಅದನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳ ಪ್ರಕಾರ ನಿಯಮ ದೊಡ್ಡವರು ಮಾಡಿಟ್ಟದ್ದು, ಮುಟ್ಟುವ ಹಾಗಿಲ್ಲ. ಹತ್ತು ವರ್ಷದ ಆಸುಪಾಸಿನ ಮಕ್ಕಳು ಮಾತ್ರ, ಆಡುವವರೆಲ್ಲಾ ಒಪ್ಪಿದರೆ ಬದಲಾಯಿಸಬಹುದು ಅಂದರು. ಇನ್ನೊಂದು ವಿಚಿತ್ರವನ್ನೂ ಅವರು ಗಮನಿಸಿದರು: ನಿಯಮ ಪವಿತ್ರ ಅನ್ನುವ ಚಿಕ್ಕವರೇ ಆಡುವಾಗ ಅದನ್ನು ಮನಸ್ಸಿಗೆ ಬಂದಂತೆ ಮುರಿಯುತ್ತಿದ್ದರು, ನಿಯಮ ನಾವೇ ಮಾಡಿಕೊಂಡದ್ದು ಅಂತ ತಿಳಿದ ದೊಡ್ಡ ಮಕ್ಕಳು ಚಾಚೂತಪ್ಪದೆ ಪಾಲಿಸುತ್ತಿದ್ದರು. ತಾನು ಸೇರಿ ಮಾಡಿದ ನಿಯಮವನ್ನೇ ಮನುಷ್ಯ ಉಳಿಸಿಕೊಳ್ಳುತ್ತಾನೆ.

ಸಭೆ ನಡೆಸುವ ರೀತಿ ಹೀಗೆ. ಒಂದೇ ದಿನ, ಒಂದೇ ಹೊತ್ತು, ಹತ್ತು ನಿಮಿಷ. ಎಲ್ಲರೂ ನೆಲದ ಮೇಲೆ ಕೂರಬೇಕು, ಫೋನ್ ಬೇರೆ ಕೋಣೆಯಲ್ಲಿರಬೇಕು. ಒಂದು ಚಮಚವನ್ನೋ ಚೆಂಡನ್ನೋ ಇಟ್ಟುಕೊಳ್ಳಿ, ಅದು ಯಾರ ಕೈಯಲ್ಲಿದೆಯೋ ಅವರೊಬ್ಬರೇ ಮಾತಾಡಬೇಕು. ಮೊದಲು ಪ್ರತಿಯೊಬ್ಬರೂ ಯಾರಿಗಾದರೂ ಒಂದು ಥ್ಯಾಂಕ್ಸ್ ಹೇಳಬೇಕು. ಆಮೇಲೆ ದೂರುಗಳು. ಅದರಲ್ಲಿ ಒಂದನ್ನು ಮಾತ್ರ ಆರಿಸಿ ಪರಿಹಾರ ಯೋಚಿಸಿ, ಮತ ಹಾಕಿ ತೀರ್ಮಾನಿಸಿ. ತೀರ್ಮಾನವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ, ಓದಲು ಬರದವರಿಗಾಗಿ ಪಕ್ಕದಲ್ಲಿ ಚಿತ್ರ ಬಿಡಿಸಿ. ಮುಂದಿನ ವಾರ ಅದು ನಡೆಯಿತಾ ಅಂತ ನೋಡಿ, ನಡೆಯದಿದ್ದರೆ ಬದಲಾಯಿಸಿ.

ಯಾವುದು ಸಭೆಗೆ ಬರುವುದಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಔಷಧಿ, ರಸ್ತೆ ದಾಟುವುದು, ಶಾಲೆಗೆ ಹೋಗುವುದು, ಮಲಗುವ ಹೊತ್ತು ಮತಕ್ಕೆ ಬಿಡುವಂಥವಲ್ಲ. ಆದರೆ ಮತಕ್ಕೆ ಬಿಟ್ಟದ್ದರಲ್ಲಿ ನಿಮಗೆ ಇಷ್ಟವಿಲ್ಲದ ತೀರ್ಮಾನ ಬಂದರೂ ಒಂದು ವಾರ ನಡೆಸಲೇಬೇಕು. ನಮ್ಮ ಮನೆಯಲ್ಲಿ ಒಮ್ಮೆ, ಊಟದ ಹೊತ್ತಲ್ಲಿ ಫೋನ್ ಎತ್ತಿದವರು ಎಲ್ಲರ ತಟ್ಟೆ ತೊಳೆಯಬೇಕು ಅಂತ ಮಕ್ಕಳು ಮತ ಹಾಕಿದರು. ಆ ವಾರ ಮೂರು ಸಲ ನಾನೇ ತೊಳೆದೆ. ನಾನು ತೊಳೆದದ್ದರಿಂದಲೇ ಅವರಿಗೆ ಸಭೆಯ ಮೇಲೆ ನಂಬಿಕೆ ಬಂತು.

ಮತದಲ್ಲಿ ಸೋತವರನ್ನು ಹಾಗೇ ಬಿಡಬೇಡಿ. "ಇದು ನಿನಗೆ ಸ್ವಲ್ಪ ಸಹ್ಯವಾಗಬೇಕಾದರೆ ಏನು ಮಾಡಬಹುದು?" ಅಂತ ಕೇಳಿ. ಎಲ್ಲರದ್ದು ಅಂದರೆ ಜಾಸ್ತಿ ಜನರದ್ದು ಮಾತ್ರ ಅಲ್ಲ ಅಂತ ಮಗುವಿಗೆ ಗೊತ್ತಾಗುವುದು ಈ ಒಂದು ಪ್ರಶ್ನೆಯಿಂದ.

ಮಕ್ಕಳಿಗೆ ಇಷ್ಟೆಲ್ಲಾ ಸದರ ಕೊಡಬೇಕಾ ಅನ್ನುವವರಿದ್ದಾರೆ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸು ಮತ್ತು ತಿಳುವಳಿಕೆಗೆ ತಕ್ಕಂತೆ ಆ ಮಾತಿಗೆ ತೂಕ ಕೊಡಬೇಕು. ಮಗು ಹೇಳಿದ್ದೇ ಕೊನೆಯ ಮಾತು ಅಂತ ಅಲ್ಲಿಲ್ಲ. ಕೇಳಿಸಿಕೊಳ್ಳಬೇಕು ಅಂತ ಇದೆ.

ಹೆಜ್ಜೆ 5: ಸಾರಿ ಹೇಳಿಸುವುದಕ್ಕಿಂತ ಸರಿ ಮಾಡಿಸಿ

ಮಗಳು ಆರು ವರ್ಷದವಳಿದ್ದಾಗ ಲೈಬ್ರರಿ ಪುಸ್ತಕದ ಒಂದು ಹಾಳೆ ಹರಿದಳು. ಸುಮ್ನೆ ವಾಪಸ್ ಹಾಕುವ ಪೆಟ್ಟಿಗೆಯೊಳಗೆ ಹಾಕಿ ಬಂದುಬಿಡೋಣ ಅಂತ ನನ್ನ ಮನಸ್ಸಿಗೆ ಬಂದಿತ್ತು. ಹಾಗೆ ಮಾಡಿದ್ದರೆ ಹಿಂದಿನ ನಾಲ್ಕು ಹೆಜ್ಜೆಯೂ ನೀರಲ್ಲಿ ಹೋಗುತ್ತಿತ್ತು. ಇಬ್ಬರೂ ಕೂತು ಟೇಪ್ ಹಚ್ಚಿದೆವು. ಹೋಗುವ ಮುಂಚೆ ಅವಳು ಏನು ಹೇಳಬೇಕು ಅಂತ ಮನೆಯಲ್ಲೇ ಎರಡು ಸಲ ಹೇಳಿ ನೋಡಿದಳು. ಅಲ್ಲಿ ನಾನು ಅವಳ ಪಕ್ಕ ನಿಂತೆ, ಮಾತಾಡಲಿಲ್ಲ. "ನಾನು ಹರಿದೆ. ಅಂಟಿಸಿದೀನಿ. ಬೇರೆಯವರಿಗೆ ಓದೋಕೆ ಆಗುತ್ತಾ ನೋಡಿ" ಅಂದಳು. ದನಿ ನಡುಗುತ್ತಿತ್ತು. ಹೊರಗೆ ಬಂದ ಮೇಲೆ ಅವಳ ಮುಖದಲ್ಲಿದ್ದ ಹಗುರ ನನಗೆ ಇವತ್ತಿಗೂ ನೆನಪಿದೆ.

ತಪ್ಪಾದಾಗ ಈ ಮೂರು ಪ್ರಶ್ನೆ ಇಟ್ಟುಕೊಳ್ಳಿ: ಏನಾಯಿತು? ಯಾರಿಗೆ ತೊಂದರೆ ಆಯಿತು? ಈಗ ಸರಿ ಮಾಡಲು ಏನು ಮಾಡಬಹುದು? 'ಯಾಕೆ ಮಾಡಿದೆ' ಅನ್ನುವುದನ್ನು ಬಿಟ್ಟುಬಿಡಿ. ಚಿಕ್ಕ ಮಗುವಿಗೆ ಅದರ ಉತ್ತರ ಗೊತ್ತಿರುವುದಿಲ್ಲ, ಸುಳ್ಳು ಹೇಳಲು ದಾರಿ ಸಿಗುತ್ತದೆ ಅಷ್ಟೇ.

ಈ ವಿಷಯದಲ್ಲಿ ನನಗೆ ಗುರು ಅನ್ನಿಸುವವರು ಜಾನುಷ್ ಕೊರ್ಚಾಕ್. ಪೋಲೆಂಡಿನ ಮಕ್ಕಳ ವೈದ್ಯರು. 1912ರಿಂದ ವಾರ್ಸಾದಲ್ಲಿ ಯಹೂದಿ ಅನಾಥ ಮಕ್ಕಳ ಮನೆ ನಡೆಸಿದರು. ಅಲ್ಲಿ ಮಕ್ಕಳದೇ ನ್ಯಾಯಾಲಯ ಇತ್ತು, ಮಕ್ಕಳೇ ನ್ಯಾಯಾಧೀಶರು. ಆ ನ್ಯಾಯಾಲಯದ ವಿಧಿಗಳಲ್ಲಿ ಶುರುವಿನಲ್ಲಿ ಬರುವವೆಲ್ಲಾ ಕ್ಷಮಿಸುವ ವಿಧಿಗಳೇ: ತಿಳಿಯದೆ ಮಾಡಿದ, ಇನ್ನು ಮಾಡುವುದಿಲ್ಲ ಅಂದ, ಹಾಗಾಗಿ ಬಿಟ್ಟಿದ್ದೇವೆ ಅನ್ನುವ ಥರದವು. ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು. ಆರು ತಿಂಗಳಲ್ಲಿ ಐದು ಸಲ ಕೊರ್ಚಾಕ್ ತಮ್ಮ ಮೇಲೆ ತಾವೇ ದೂರು ಕೊಟ್ಟು ಮಕ್ಕಳ ಮುಂದೆ ನಿಂತರು. ಅದರಲ್ಲಿ ಒಂದು, ಹುಡುಗನೊಬ್ಬನ ಕಿವಿಗೆ ಹೊಡೆದದ್ದಕ್ಕೆ. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಅನ್ನುವ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರು ಮಕ್ಕಳ ಕೈ ಬಿಡದೆ ಜೊತೆಗೇ ಹೋದರು.

ನಾವು ನ್ಯಾಯಾಲಯ ನಡೆಸಬೇಕಾಗಿಲ್ಲ. ಸಿಟ್ಟಿನಲ್ಲಿ ಕೂಗಾಡಿದ ದಿನ ಮಗುವಿನ ಎದುರು ಕೂತು "ನಾನು ಕೂಗಿದ್ದು ತಪ್ಪು, ನಿನಗೆ ಹೆದರಿಕೆ ಆಯ್ತು ಅಲ್ವಾ" ಅನ್ನಲು ಆಗುತ್ತದೆ. ಅದಕ್ಕೆ 'ಆದರೆ ನೀನೂ...' ಅಂತ ಬಾಲ ಸೇರಿಸಬೇಡಿ.

ಹೆಜ್ಜೆ 6: ಮಗು ನೋಡುತ್ತಿದೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಎಲ್ಲರಿಗೂ ಗೊತ್ತಿರುವುದೇ. 1961ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಪುಟ್ಟ ಮಕ್ಕಳು ಅದೇ ಏಟು, ಅದೇ ಬೈಗುಳ ಸಮೇತ ತಾವೂ ಮಾಡಿದರು. ಗಾಡಿ ಇಲ್ಲ ಅಂತ ಕೆಂಪು ದೀಪದಲ್ಲಿ ರಸ್ತೆ ದಾಟುವುದು, ಮನೆಯಲ್ಲೇ ಇದ್ದು ಫೋನಿನಲ್ಲಿ ಇಲ್ಲ ಅನ್ನುವುದು, ಕಸ ಒಯ್ಯಲು ಬಂದವರ ಹೆಸರು ಕೇಳದೇ ಇರುವುದು, ಇವೆಲ್ಲಾ ಪಾಠಗಳೇ. ಯಾವುದಾದರೂ ಒಂದನ್ನು ಈ ತಿಂಗಳು ಬದಲಾಯಿಸಿ.

ಹೆಜ್ಜೆ 7: ಬೇರೆಯವರ ತಲೆಯೊಳಗೆ ಏನಿದೆ

ನಾಲ್ಕು ವರ್ಷದ ಆಸುಪಾಸಿನ ತನಕ, ಬೇರೆಯವರಿಗೆ ತನಗೆ ಗೊತ್ತಿದ್ದದ್ದು ಗೊತ್ತಿರದೇ ಇರಬಹುದು ಅನ್ನುವುದೇ ಮಗುವಿಗೆ ಸರಿಯಾಗಿ ಹೊಳೆಯುವುದಿಲ್ಲ. ಪರೀಕ್ಷೆ ಮಾಡಿ ನೋಡಿ. ಅಕ್ಕ ಗೊಂಬೆಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋದ ಮೇಲೆ ಅದನ್ನು ಪೆಟ್ಟಿಗೆಗೆ ಹಾಕಿ, "ಅಕ್ಕ ಬಂದು ಎಲ್ಲಿ ಹುಡುಕುತ್ತಾಳೆ?" ಅಂತ ಕೇಳಿ. ಮೂರು ವರ್ಷದ ಮಗು ಹೆಚ್ಚಾಗಿ ಪೆಟ್ಟಿಗೆ ತೋರಿಸುತ್ತದೆ. ಬುಟ್ಟಿ ಅನ್ನುವ ದಿನ ಬಂತು ಅಂದರೆ, 'ಅವನಿಗೆ ಹೇಗನ್ನಿಸಿರಬಹುದು' ಅನ್ನುವ ಮಾತು ಶುರು ಮಾಡಲು ಒಳ್ಳೆಯ ಹೊತ್ತು.

ದಾರಿಯಲ್ಲಿ ಮಗು ಜೋರಾಗಿ "ಅವರು ಯಾಕೆ ಗಾಲಿ ಕುರ್ಚಿಯಲ್ಲಿ ಇದಾರೆ?" ಅಂತ ಕೇಳಿದರೆ ಶ್ ಅಂತ ಬಾಯಿ ಮುಚ್ಚಿಸಬೇಡಿ. ಶ್ ಅಂದರೆ ಅದು ಮಾತಾಡಬಾರದ, ನಾಚಿಕೆಯ ವಿಷಯ ಅಂತಾಗುತ್ತದೆ. "ಕೆಲವರಿಗೆ ಓಡಾಡಲು ಕಾಲಿನ ಬದಲು ಗಾಲಿ ಬೇಕು" ಅಂತ ಅದೇ ದನಿಯಲ್ಲಿ ಹೇಳಿ. ಆಮೇಲೆ ಮೆಟ್ಟಿಲು ಮಾತ್ರ ಇರುವ ಕಟ್ಟಡ ಕಂಡಾಗ, "ಅವರು ಇಲ್ಲಿಗೆ ಹೇಗೆ ಬರಬಹುದು?" ಅಂತ ಕೇಳಿ. ಈ ಕಟ್ಟಡ ನಿಜವಾಗಲೂ ಎಲ್ಲರದ್ದಾ ಅಂತ ಮಗುವೇ ಯೋಚಿಸಲಿ.

ಹೆಜ್ಜೆ 8: ಇಲ್ಲ ಅನ್ನುವುದನ್ನೂ ಕಲಿಸಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವೆ. ಗಾದೆ ಒಳ್ಳೆಯದೇ, ಆದರೆ ಬಗ್ಗಿಸುವುದೇ ಗುರಿಯಾದರೆ ನಮಗೆ ಸಿಗುವುದು ಹೇಳಿದ್ದು ಕೇಳುವ ಮಗು ಮಾತ್ರ. ಹೇಳಿದ್ದೆಲ್ಲಾ ಕೇಳುವ ಮಗು, ತಪ್ಪು ಮನುಷ್ಯ ಹೇಳಿದರೂ ಕೇಳುತ್ತದೆ. ಇದು ನನಗೆ ನಿಜವಾಗಿಯೂ ಹೆದರಿಕೆಯ ವಿಷಯ.

ಅದಕ್ಕೆ ಎರಡು ಗೆರೆ ಎಳೆದು ಕೊಡಿ. ಒಂದು, ಚಾಡಿ ಯಾವುದು, ತಿಳಿಸಲೇಬೇಕಾದ್ದು ಯಾವುದು. "ಇನ್ನೊಬ್ಬರಿಗೆ ಬೈಸಬೇಕು ಅಂತ ಹೇಳ್ತಿದೀಯಾ, ಯಾರಿಗೋ ನೋವಾಗ್ತಿದೆ ಅಂತ ಹೇಳ್ತಿದೀಯಾ?" ನೋವಿನ ವಿಷಯವಾದರೆ ತಕ್ಷಣ ಹೇಳಬೇಕು, ಹೇಳಿದವರನ್ನು ನಾವು ಯಾವತ್ತೂ ಬೈಯಬಾರದು. ಎರಡು, ಗುಟ್ಟು. ಹುಟ್ಟುಹಬ್ಬದ ಉಡುಗೊರೆಯಂಥ ಗುಟ್ಟು ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ. 'ಯಾರಿಗೂ, ಯಾವತ್ತೂ ಹೇಳಬೇಡ' ಅಂತ ದೊಡ್ಡವರು ಹೇಳಿದ ಗುಟ್ಟನ್ನು ಮಾತ್ರ ಇಟ್ಟುಕೊಳ್ಳಬಾರದು, ಮನೆಗೆ ಬಂದು ಹೇಳಬೇಕು.

ಹೆಜ್ಜೆ 9: ಒಂದು ಪತ್ರ

ಆರೇಳು ವರ್ಷದ ಹೊತ್ತಿಗೆ ಮಗುವನ್ನು ಮನೆಯಾಚೆ ಕರೆದುಕೊಂಡು ಹೋಗಿ. ಅದು ದಿನಾ ಬಳಸುವ, ಹಾಳಾದ ಒಂದು ವಸ್ತು ಸಾಕು. ನಮಗೆ ಸಿಕ್ಕಿದ್ದು ಅದೇ ಪಾರ್ಕಿನ ಉಯ್ಯಾಲೆ, ಸರಪಳಿ ತುಂಡಾಗಿತ್ತು.

ಮೊದಲು ಅದನ್ನು ನೋಡಿಕೊಳ್ಳುವವರು ಯಾರು ಅಂತ ಹುಡುಕಿ, ಮಗುವನ್ನೂ ಕೂರಿಸಿಕೊಂಡು. ಪತ್ರದಲ್ಲಿ ನಾಲ್ಕು ವಿಷಯ ಇರಲಿ: ಎಲ್ಲಿ, ಏನಾಗಿದೆ, ಯಾರಿಗೆ ತೊಂದರೆ, ಏನು ಮಾಡಬೇಕು. ಮಗು ಹೇಳಿದ ಹಾಗೇ ಬರೆಯಿರಿ, ಭಾಷೆ ತಿದ್ದಬೇಡಿ. ಅದರ ಕೈಯಿಂದಲೇ ಒಂದು ಚಿತ್ರ ಬಿಡಿಸಿ ಹೆಸರು ಹಾಕಿಸಿ, ಕೆಳಗೆ ನಿಮ್ಮ ಸಹಿ ಮತ್ತು ವಿಳಾಸ ಇರಲಿ. ಒಂದು ಪ್ರತಿ ಮನೆಯ ಸಭೆಯ ನೋಟ್‌ಬುಕ್‌ನಲ್ಲಿ ಅಂಟಿಸಿ, ಕಳಿಸಿದ ತಾರೀಖು ಮಗುವೇ ಬರೆಯಲಿ.

ಆಮೇಲೆ ಕಾಯಬೇಕು. ಕ್ಯಾಲೆಂಡರಿನಲ್ಲಿ ಎರಡು ವಾರದ ನಂತರದ ದಿನಕ್ಕೆ ಗುರುತು ಹಾಕಿ. ಉತ್ತರ ಬಂದರೆ ಥ್ಯಾಂಕ್ಸ್ ಹೇಳುವ ಪತ್ರವನ್ನೂ ಬರೆಸಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಬರದಿದ್ದರೆ ಮಗುವಿನ ಮುಂದೆ "ಇವರೆಲ್ಲಾ ಹೀಗೇ, ಏನೂ ಆಗಲ್ಲ" ಅನ್ನಬೇಡಿ. ಎರಡನೇ ಪತ್ರ ಬರೆಯಿರಿ, ಮೊದಲನೆಯದರ ತಾರೀಖು ಅದರಲ್ಲಿ ಹಾಕಿ, ಅದೇ ಉಯ್ಯಾಲೆಯಲ್ಲಿ ಆಡುವ ಬೇರೆ ಮಕ್ಕಳ ಹತ್ತಿರವೂ ಹೆಸರು ಬರೆಸಿ. ನಮ್ಮ ಎರಡನೇ ಪತ್ರದಲ್ಲಿ ಹನ್ನೊಂದು ಮಕ್ಕಳ ಹೆಸರಿತ್ತು. ಅದರಲ್ಲಿ ಇಬ್ಬರಿಗೆ ಇನ್ನೂ ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ಅವರು ಹೆಬ್ಬೆಟ್ಟಿಗೆ ಬಣ್ಣ ಹಚ್ಚಿ ಒತ್ತಿದರು.